ಆಂಪ್ಲಿಫೈಯರಿನ ಹಣೆಬೊಟ್ಟು

ನನ್ನ ಅಂಗಡಿಯ ಮೇಜಿಗೆ ಮೂರು ಡ್ರಾಯರುಗಳಿದ್ದು, ಮೊದಲನೆಯದರಲ್ಲಿ ಸ್ಕ್ರೂಡ್ರೈವರುಗಳೂ ಎರಡನೆಯದರಲ್ಲಿ ಫ್ಯೂಸು, ವೈರು, ಟೇಪುಗಳೂ ಇರುವುದು ಸಹಜವೇ ಆದರೂ, ಮೂರನೆಯದನ್ನು ಯಾರಾದರೂ ಅಕಸ್ಮಾತ್ತಾಗಿ ಎಳೆದರೆ ಅವರ ಹುಬ್ಬು ಮೇಲೇರುವುದು ಖಂಡಿತ. ಏಕೆಂದರೆ ಅಲ್ಲಿ ಒಂದು ಸೀಸೆ ಕೆಂಪು ನೇಲ್ ಪಾಲಿಶ್ ಇದೆ. ಐವತ್ತು ದಾಟಿದ, ಮೀಸೆ ಅರ್ಧ ನರೆತ, ಬೆರಳ ತುದಿಗಳೆಲ್ಲ ಸಾಲ್ಡರಿಂಗ್ ಕಡ್ಡಿಗೆ ಸುಟ್ಟು ಕಪ್ಪಾದ ಗಂಡಸಿನ ಡ್ರಾಯರಿನಲ್ಲಿ ಈ ಶೃಂಗಾರ ಸಾಮಗ್ರಿಗೆ ಏನು ಕೆಲಸ ಎಂದು ನೀವು ಕೇಳಬಹುದು. ಪೇಟೆಬೀದಿಯ ಫ್ಯಾನ್ಸಿ ಸ್ಟೋರಿನ ಹೆಂಗಸೂ ಮೊದಲ ಸಲ ಕೇಳಿದ್ದಳು: 'ಯಾವ್ ಕಲರ್ ಕೊಡ್ಲಣ್ಣ? ಅತ್ಗೆ ಬೆಳ್ಳಗವ್ರಾ, ಎಣ್ಣೆಗೆಂಪಾ?' ನಾನು ಆಂಪ್ಲಿಫೈಯರಿನ ಧ್ಯಾನದಲ್ಲೇ ಇದ್ದವನು, 'ಅಲ್ಯೂಮಿನಿಯಂ ಬಣ್ಣ ಕಣಮ್ಮ, ಕೆಂಪೇ ಕೊಡು, ಎದ್ದು ಕಾಣ್ಲಿ' ಎಂದುಬಿಟ್ಟೆ. ಆ ಮಾತು ಹೇಗೋ ನನಗಿಂತ ಮೊದಲೇ ನನ್ನ ಮನೆ ಸೇರಿ, ಅಂದು ಸಂಜೆಯ ಕಾಫಿಗೆ ಸಕ್ಕರೆ ಬಿದ್ದಿರಲಿಲ್ಲ.

ವಿಷಯ ಇಷ್ಟೇ. ನಾನು ಅರಸೀಕೆರೆಯಲ್ಲಿ ಮೋಟಾರ್ ಸೈಕಲ್ಲುಗಳಿಗೆ ಆಂಪ್ಲಿಫೈಯರು, ಸ್ಪೀಕರು ಕಟ್ಟಿಕೊಡುವವನು. ಆಂಪ್ಲಿಫೈಯರಿನ ಮೈಮೇಲೆ ಮೂರು ಪುಟ್ಟ ಸ್ಕ್ರೂಗಳಿರುತ್ತವೆ. ಒಂದು ಒಟ್ಟು ದನಿಯ ಬಲಕ್ಕೆ, ಒಂದು ಬೇಸ್ ಎನ್ನುವ ದಪ್ಪ ದನಿಗೆ, ಇನ್ನೊಂದು ತೆಳು ದನಿಗೆ. ಅವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗಿಸಿ ನಾದವನ್ನು ಹದಕ್ಕೆ ತರುವುದು ನನ್ನ ವಿದ್ಯೆ. ಹದಕ್ಕೆ ಬಂದ ಮೇಲೆ ಲೋಕದ ಯಾವ ಕೈಯೂ ಅದನ್ನು ಕೆಡಿಸದಂತೆ ಒಂದೊಂದು ಸ್ಕ್ರೂವಿನ ತಲೆಗೂ ಒಂದು ತೊಟ್ಟು ನೇಲ್ ಪಾಲಿಶ್ ಬಿಡುವುದು ನನ್ನ ಪದ್ಧತಿ. ಒಣಗಿತೆಂದರೆ ಸ್ಕ್ರೂ ಸುಲಭಕ್ಕೆ ಅಲುಗದು. ಅಲುಗಿಸಿದರೆ ಬಣ್ಣ ಬಿರುಕು ಬಿಟ್ಟು ಕಳ್ಳ ಸಿಕ್ಕಿಬೀಳುತ್ತಾನೆ. ನಾನದನ್ನು ಹಣೆಬೊಟ್ಟು ಎನ್ನುತ್ತೇನೆ. ಬೊಟ್ಟಿಟ್ಟ ಮೇಲೆ ಮದುವೆ ಗೊತ್ತಾದ ಹಾಗೆ, ಮತ್ತೆ ಮಾತಿಲ್ಲ.

ಇಷ್ಟು ಅಹಂಕಾರ ಎಲ್ಲಿಂದ ಬಂತು ಎನ್ನುವಿರಾದರೆ, ಶಾಲೆ ಬಿಟ್ಟದ್ದರಿಂದ ಬಂತು. ನಾನು ಶಾಲೆ ಬಿಟ್ಟದ್ದು ಹಾರನಹಳ್ಳಿಯಲ್ಲಿ, ಎಂಟನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ದಿನ. ಬೆಳಿಗ್ಗೆ ಗಣಿತ ಬರೆದೆ; ಮಧ್ಯಾಹ್ನದ ಸಮಾಜವಿಜ್ಞಾನ ಇವತ್ತಿಗೂ ಬಾಕಿ ಇದೆ. ಅಂದು ಊರಿನ ಮದುವೆಯೊಂದಕ್ಕೆ ಮೈಕ್ ಸೆಟ್ಟಿನವರು ಬಂದಿದ್ದರು, ತೆಂಗಿನ ಮರಕ್ಕೆ ಹಾರ್ನ್ ಸ್ಪೀಕರು ಕಟ್ಟಲು ಹತ್ತುವವರು ಬೇಕಾಗಿದ್ದರು, ನಾನು ಹತ್ತಿದೆ. ಒಂದು ರೀತಿಯಲ್ಲಿ ಇನ್ನೂ ಇಳಿದಿಲ್ಲ. ಓದಿದವರ ಎದುರು ಓದದವನಿಗೆ ಇರುವ ಆಸ್ತಿ ಎಂದರೆ ಕೈಕೆಲಸವೊಂದೇ. ಅದರ ಮೇಲೆ ಯಾರಾದರೂ ಬೆರಳಿಟ್ಟರೆ ಎದೆಯ ಮೇಲೇ ಇಟ್ಟ ಹಾಗಾಗುತ್ತದೆ. ಈ ಬರಹದಲ್ಲಿ ಸಂಸ್ಕೃತ ಪದಗಳು ಅಲ್ಲಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ಮೊಳಗಿದರೆ, ಅದು ಗ್ರಂಥಾಲಯದ ಬೆಂಚಿನ ಮೇಲೆ ಕಳೆದ ಭಾನುವಾರಗಳ ಫಲವೆಂದು ಕ್ಷಮಿಸಿ. ಓದದವನು ಬರೆಯಲು ಕೂತಾಗ ಬೇಸ್ ತುಸು ಜಾಸ್ತಿಯೇ ಆಗುತ್ತದೆ.

ಆದರೆ ಕಿವಿಯ ವಿಷಯದಲ್ಲಿ ನಾನು ವಿನಯ ನಟಿಸಲಾರೆ. ಎರಡು ಸ್ಪೀಕರುಗಳ ಪೈಕಿ ಒಂದರ ಪ್ಲಸ್ಸು ಮೈನಸ್ಸು ಅದಲುಬದಲಾಗಿದ್ದರೆ ದನಿ ಹೊಟ್ಟೆ ಕಳೆದುಕೊಂಡು ಟೊಳ್ಳಾಗುತ್ತದೆ. ಅದನ್ನು ನಾನು ರಸ್ತೆಯ ಆಚೆ ಬದಿಯಲ್ಲಿ ಕಾಫಿ ಕುಡಿಯುತ್ತಲೇ ಹೇಳಬಲ್ಲೆ. ರೈಲ್ವೆ ಸ್ಟೇಷನ್ನಿನ ಪ್ರಕಟಣೆ ಗಾಳಿಯಲ್ಲಿ ತೇಲಿ ಬಂದಾಗ, ಊರಿನವರು ಯಾವ ಗಾಡಿ ಬಂತು ಎಂದು ಕೇಳಿಸಿಕೊಂಡರೆ, ನಾನು ಹತ್ತಿರದ ಪ್ಲಾಟ್‌ಫಾರ್ಮಿನ ದನಿ ಮೊದಲು, ದೂರದ್ದು ಅರೆಕ್ಷಣ ಆಮೇಲೆ ಬಂದದ್ದನ್ನು ಕೇಳಿಸಿಕೊಳ್ಳುತ್ತೇನೆ. ಈ ಅರೆಕ್ಷಣದ ಮಾತನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಮರೆತೆ, ಅದಕ್ಕೇ ಈ ಪ್ರಬಂಧ.

ನನ್ನ ಗಿರಾಕಿಗಳಲ್ಲಿ ಎರಡು ಬಗೆ. ಸೊಪ್ಪು, ಮೀನು, ಪ್ಲಾಸ್ಟಿಕ್ ಬಿಂದಿಗೆ ಮಾರುವವರು ಸ್ಪೀಕರಿನ ಮುಖವನ್ನು ಊರಿನ ಕಡೆಗೆ ತಿರುಗಿಸಿ ಎನ್ನುತ್ತಾರೆ. ಅವರ ದನಿ ಒಮ್ಮೆ ರೆಕಾರ್ಡಾಗಿ ಆಮೇಲೆ ವರ್ಷಗಟ್ಟಲೆ ಬೀದಿ ಬೀದಿಯಲ್ಲಿ ಕೂಗುತ್ತಿರುತ್ತದೆ, ಅವರು ಮಾತ್ರ ತುಟಿಯಲ್ಲಿ ಬೀಡಿ ಕಚ್ಚಿ ಮೌನವಾಗಿ ಹಿಂದೆ ಕೂತಿರುತ್ತಾರೆ. ಪ್ರಾಯದವರು ಸ್ಪೀಕರನ್ನು ತಮ್ಮ ಎದೆಗೇ ಗುರಿಯಿಟ್ಟು ಕೂರಿಸಿ ಎನ್ನುತ್ತಾರೆ. ಇಬ್ಬರಿಗೂ ನನ್ನ ಕ್ರಮ ಒಂದೇ. ಬ್ಯಾಟರಿಯಿಂದ ನೇರ ವೈರು, ನಡುವೆ ಫ್ಯೂಸು, ಬಣ್ಣ ಕೆರೆದು ಬೆಳ್ಳಗೆ ಮಾಡಿದ ಕಬ್ಬಿಣಕ್ಕೆ ಅರ್ಥಿಂಗ್ ವೈರು. ಇಲ್ಲವಾದರೆ ಇಂಜಿನ್ನಿನ ವೇಗ ಏರಿದಂತೆಲ್ಲ ಹಾಡಿನ ಹಿಂದೆ ಒಂದು ಸೊಳ್ಳೆ ಕುಯ್ಯೆನ್ನುತ್ತದೆ. ಆಮೇಲೆ ಗಾಡಿಯನ್ನು ನಾನೇ ಕೆರೆ ಏರಿಯ ಕಡೆ ಓಡಿಸಿ, ಗಾಳಿಯಲ್ಲಿ ಕೇಳಿ, ಹಿಂತಿರುಗಿ, ಸ್ಕ್ರೂ ಸರಿಮಾಡಿ, ಬೊಟ್ಟಿಡುತ್ತೇನೆ. ನನ್ನ ಕಿವಿಗೆ ಸರಿ ಎನಿಸಿದ್ದು ಲೋಕಕ್ಕೇ ಸರಿ. ಇಷ್ಟು ವರ್ಷಗಳಲ್ಲಿ ಕೆಲಸ ಸರಿಯಿಲ್ಲವೆಂದು ಗಾಡಿ ವಾಪಸ್ ತಂದವರು ಒಬ್ಬರೇ.

ಅವರು ನನ್ನ ಭಾವ ನಂಜುಂಡಪ್ಪ. ಗೌರಕ್ಕನ ಗಂಡ, ಬೇಲೂರಿನ ಆಚೆ ಗೆಂಡೆಹಳ್ಳಿಯಲ್ಲಿ ಹಿಟ್ಟಿನ ಮಿಲ್ಲು ಇಟ್ಟವರು. ನಲವತ್ತು ವರ್ಷದ ಹತ್ತಿರ ಹೋಬಳಿಯ ರಾಗಿಯೆಲ್ಲ ಅವರ ಕೈಮೇಲೆ ಹಿಟ್ಟಾಗಿದೆ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಸದಾ ಬೂದು ಬಣ್ಣ. ಸ್ನಾನ ಮಾಡಿ ಮದುವೆಗೆ ಬಂದರೆ ನೆಂಟರಿಗೆ ಗುರುತು ಸಿಗುತ್ತಿರಲಿಲ್ಲ. ನಾನು ಪರೀಕ್ಷೆ ಬಿಟ್ಟು ಮರ ಹತ್ತಿದ ವಾರ ಅಪ್ಪ ಬೆತ್ತ ಹಿಡಿದು ನಿಂತಾಗ ಅಡ್ಡ ಬಂದವರು ಅವರೇ. ಅದಕ್ಕೆ ಸ್ವಲ್ಪ ಮುಂಚೆ ನಾನು ಅವರ ಮಿಲ್ಲಿಗೆ ಹೋಗಿದ್ದಾಗ, ಆ ಗರ್ಜನೆಯ ನಡುವೆ, 'ಭಾವ, ಒಂದ್ ಬೇರಿಂಗು ಅಳ್ತಾ ಐತೆ' ಎಂದಿದ್ದೆನಂತೆ. ಮಾರನೆಯ ದಿನ ಬೇರಿಂಗು ಹೋಯಿತಂತೆ. 'ಬಿಡಿ ಮಾವ' ಎಂದರು ಅಪ್ಪನಿಗೆ. 'ಎಲ್ರೂ ಮೇಷ್ಟ್ರಾದ್ರೆ ಕೇಳೋರ್ಯಾರು? ಈ ಹೈದಂಗೆ ಕಿವಿ ಐತೆ. ಕಿವಿ ಕೆಲ್ಸಾನೇ ಮಾಡ್ಲಿ.' ಮುಂದಿನ ಸಲ ಹಾಸನಕ್ಕೆ ಹೋದಾಗ ನನಗೊಂದು ಕರೆಂಟು ಅಳೆಯುವ ಮುಳ್ಳಿನ ಮೀಟರು ತಂದುಕೊಟ್ಟರು. ಅದರ ಮುಳ್ಳು ಇಂದಿಗೂ ಸೊನ್ನೆಗೆ ಸರಿಯಾಗಿ ಬಂದು ನಿಲ್ಲುತ್ತದೆ.

ಭಾವನಿಗೆ ಇದ್ದ ಚಟ ಒಂದೇ, ಹರಿಕಥೆ. ನಮ್ಮ ಕಡೆಯ ದಾಸರೊಬ್ಬರ ಹರಿಕಥೆಗಳನ್ನು ಯಾರೋ ದೇವಸ್ಥಾನದ ಅಂಗಳದಲ್ಲಿ ಕೂತು ರೆಕಾರ್ಡ್ ಮಾಡಿದ್ದರು. ಹಾರ್ಮೋನಿಯಂ, ತಾಳ, ದಾಸರ ಚಟಾಕಿ, ಚಟಾಕಿಗೆ ನಗುವ ಜನ, ನಡುವೆ ಅಳುವ ಮಗು, ಎಲ್ಲವೂ ಅದರಲ್ಲಿತ್ತು. ಆರು ವರ್ಷದ ಹಿಂದೆ ಹೊಸ ಬೈಕು ಕೊಂಡ ಭಾವ, ಮಿಲ್ಲಿನ ಸಾಮಾನಿಗೆಂದು ಬೇಲೂರಿಗೆ ಹೋಗಿಬರುವಾಗ ಇದನ್ನು ಕೇಳಿಕೊಂಡು ಹೋಗಬೇಕೆಂದು ಪೆನ್‌ಡ್ರೈವ್ ಹಿಡಿದು ನನ್ನಲ್ಲಿಗೆ ಬಂದರು. ಗುರುವಿಗೆ ಕಾಣಿಕೆ ಕೊಡುವ ಭಕ್ತಿಯಿಂದ ಕಟ್ಟಿಕೊಟ್ಟೆ. ಹ್ಯಾಂಡಲಿನ ಎರಡು ಬದಿಗೆ ಎರಡು ದುಂಡು ಸ್ಪೀಕರು, ಸೀಟಿನ ಕೆಳಗೆ ರಬ್ಬರಿನ ಮೆತ್ತೆಯ ಮೇಲೆ ಆಂಪ್ಲಿಫೈಯರು. ಏರಿಯ ಮೇಲೆ ಓಡಿಸಿದಾಗ ದಾಸರು ಪೆಟ್ರೋಲ್ ಟ್ಯಾಂಕಿನ ಮೇಲೆಯೇ ಕೂತು ಕಥೆ ಹೇಳಿದಂತಿತ್ತು. ಮೂರು ಬೊಟ್ಟಿಟ್ಟು ಕಳಿಸಿದೆ.

ಹತ್ತು ದಿನಕ್ಕೆ ಭಾವ ಮತ್ತೆ ಬಂದರು. 'ಶಿವಾ, ದನಿ ಬತ್ತೈತೆ ಕಣ್ಲಾ, ಮಾತು ಬತ್ತಿಲ್ಲ. ದಾಸ್ರು ಅಂತಾರೆ, ಏನಂತಾರೆ ಅಂತ ತಿಳಿಯಾಕಿಲ್ಲ. ಬರೀ ಗುಂಯ್ ಅಂತೈತೆ.' ನಾನು ಕೂತು ಕೇಳಿದೆ. ಒತ್ತಕ್ಷರಗಳ ಸಹಿತ ಕೇಳುತ್ತಿತ್ತು. 'ಎಲ್ಲಾ ಸರಿಯಾಗೇ ಐತಲ್ಲ ಭಾವ' ಎಂದೆ. ತಿಂಗಳು ಬಿಟ್ಟು ಎರಡನೆಯ ಸಲ ಬಂದಾಗ, ಮನಸ್ಸಿನಲ್ಲೇ ಗೊಣಗಿಕೊಂಡು ಸ್ಪೀಕರುಗಳನ್ನೇ ಬದಲಿಸಿದೆ. ಭಾವ ಕೂತು ಕೇಳಿ, ತಲೆ ಓರೆ ಮಾಡಿ, ಸಂಕೋಚದಿಂದ ಆ ಕೆಂಪು ಚುಕ್ಕೆಯನ್ನು ತೋರಿಸಿದರು: 'ತೆಳು ದನಿ ಒಸಿ ಏರ್ಸಿ ನೋಡನ? ಈ ಬೊಟ್ಟು ಕೆರೀಲಾ?' ನನಗೆ ಯಾರೋ ನನ್ನ ಸಹಿಯ ಮೇಲೆ ಗೀಚಲು ಅನುಮತಿ ಕೇಳಿದಂತಾಯಿತು. 'ಏರಿಸಿದ್ರೆ ತಗಡು ಕೆರೆದಂಗಾಯ್ತದೆ ಭಾವ. ದಾರೀಲಿ ಕೇಳ್ದೋರು, ಇದು ಶಿವನ ಕೆಲಸವಾ ಅಂತಾರೆ. ನನ್ ಹೆಸರು ಹೋಯ್ತದೆ' ಎಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಬಣ್ಣ ಕೆರೆಯಲು ಅವರಿಗೆ ನನ್ನ ಅನುಮತಿ ಬೇಕಿರಲಿಲ್ಲ. ಬೈಕು ಅವರದು, ಉಗುರೂ ಅವರದು. ಆದರೂ ಅವರು ಕೇಳಿದ್ದರು, ನಾನು ಇಲ್ಲವೆಂದಿದ್ದೆ.

ಮೂರನೆಯ ಸಲ ಬಂದದ್ದು ಒಂದು ಶುಕ್ರವಾರ. ಕೊಬ್ಬರಿ ಹರಾಜಿಗೆ ಬಂದವರಿಂದ ಬೀದಿ ತುಂಬಿತ್ತು, ಅಂಗಡಿಯ ಮುಂದೆ ಐದಾರು ಗಿರಾಕಿಗಳಿದ್ದರು, ಮೀನಿನ ಗಾಡಿಯೊಂದಕ್ಕೆ ಹೊಸ ಹಾರ್ನ್ ಸ್ಪೀಕರು ಕೂರಿಸುತ್ತ ನಾನು ನನ್ನ ವಿದ್ಯೆಯ ಬಗ್ಗೆ ಒಂದು ಚಿಕ್ಕ ಉಪನ್ಯಾಸವನ್ನೇ ಕೊಡುತ್ತಿದ್ದೆ. ಆ ಸಭೆಯ ನಡುವೆ ಭಾವ ಬಂದು, ಅದೇ ಮಾತು: 'ಶಿವಾ, ಇನ್ನೂ ಗುಂಯ್ ಅಂತೈತೆ.' ಮೀನಿನವನು ನನ್ನ ಮುಖ ನೋಡಿದ. ಹಿಂತಿರುಗಿಯೂ ನೋಡದೆ, ಕೈಯಲ್ಲಿದ್ದ ವೈರು ಸುಲಿಯುತ್ತಲೇ, ಎಲ್ಲರಿಗೂ ಕೇಳುವಂತೆ ಅಂದೆ: 'ಭಾವ, ಸ್ಪೀಕರ್ ಸರಿಯಾಗೇ ಐತೆ. ಇಷ್ಟ್ ವರ್ಷ ಮಿಲ್ಲಲ್ಲಿ ಕೂತು ನಿಮ್ ಕಿವೀಗೆ ರಾಗಿಹಿಟ್ಟು ತುಂಬ್ಕೊಂಡೈತೆ. ಮೊದ್ಲು ಅದನ್ನ ಜರಡಿ ಹಿಡೀರಿ!'

ಗಿರಾಕಿಗಳು ಘೊಳ್ಳೆಂದು ನಕ್ಕರು. ಮೀನಿನವನಂತೂ ಸೀಟಿನ ಮೇಲೆ ಕೈ ಬಡಿದು ನಕ್ಕ. ಭಾವ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಆಮೇಲೆ ತಾವೂ ನಕ್ಕರು. ಅರೆಕ್ಷಣ ತಡವಾಗಿ. ದೂರದ ಪ್ಲಾಟ್‌ಫಾರ್ಮಿನ ದನಿಯ ಹಾಗೆ. ಆ ಅಂತರ ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು. ಇಲ್ಲವೆಂದರೆ ಇಂದು ನಿಮಗೆ ಹೇಗೆ ಹೇಳುತ್ತಿದ್ದೆ? ಆದರೆ ಅದರ ಅರ್ಥ ಹುಡುಕುವ ಗೋಜಿಗೆ ಹೋಗಲಿಲ್ಲ. ನೊಂದುಕೊಂಡರು, ಅದಕ್ಕೆ ನಗು ತಡವಾಯಿತು, ನೊಂದುಕೊಳ್ಳಲಿ ಎಂದುಕೊಂಡೆ. ಭಾವ ಕಾಫಿ ಕುಡಿದು ಹೋದರು. ಮತ್ತೆಂದೂ ಆ ವಿಷಯಕ್ಕೆ ಬರಲಿಲ್ಲ.

ಆಮೇಲಿನ ವರ್ಷಗಳನ್ನು ನೆನೆದರೆ ನನ್ನ ಬುದ್ಧಿಯ ಮಂದತೆಗೆ ನಾನೇ ಬೆರಗಾಗುತ್ತೇನೆ. ಫೋನ್ ಮಾಡಿದರೆ ಭಾವ 'ಹ್ಞೂಂ, ಹ್ಞೂಂ' ಎಂದು ಅಕ್ಕನ ಕೈಗೆ ಕೊಡುತ್ತಿದ್ದರು. ನೆಂಟರ ಮನೆಯ ಊಟದಲ್ಲಿ ಪಂಕ್ತಿಯ ಕೊನೆಗೆ ಕೂತು, ಉಂಡು, ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದರು. ಒಮ್ಮೆ ನಾನು ಹಿಂದಿನಿಂದ ಕರೆದರೂ ತಿರುಗದೆ ಬೈಕು ಹತ್ತಿದರು. ಒಂದು ತಮಾಷೆಗೆ ಇಷ್ಟು ದಿನದ ಕೋಪವೇ ಎಂದು ನನಗೂ ಬಿಗುಮಾನ ಬಂತು. ಅವರು ಮಾತಾಡದಿದ್ದರೆ ನಾನೂ ಆಡುವುದಿಲ್ಲ ಎಂದು ಗೆಂಡೆಹಳ್ಳಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಕೆಲಸವೂ ಬಹಳ ಇತ್ತು ಎನ್ನಿ. ಸ್ವಾಭಿಮಾನಿಗಳಿಗೆ ಅಂಥ ಹೊತ್ತಿನಲ್ಲಿ ಕೆಲಸ ಯಾವಾಗಲೂ ಬಹಳ ಇರುತ್ತದೆ.

ಕಳೆದ ವರ್ಷ ಒಂದು ಬೆಳಿಗ್ಗೆ, ಬೇಲೂರಿನಿಂದ ಹಿಂತಿರುಗುವಾಗ, ಊರಿನ ದಾರಿಗೆ ಬಲಕ್ಕೆ ತಿರುಗುವಲ್ಲಿ ಹಿಂದಿನಿಂದ ಬಂದ ಗೂಡ್ಸ್ ಆಟೋ ಭಾವನ ಬೈಕಿಗೆ ಬಡಿಯಿತು. ಬಲಗಾಲಿನ ಮೂಳೆ ಮುರಿಯಿತು, ಭುಜ ಜರುಗಿತು, ಜೀವ ಉಳಿಯಿತು. ಆಟೋದವನು ಆಣೆ ಮಾಡಿ ಹೇಳಿದನಂತೆ, ಮೂರು ಸಲ ಹಾರ್ನ್ ಹೊಡೆದೆ, ಮನುಷ್ಯ ತಿರುಗಿಯೂ ನೋಡಲಿಲ್ಲ ಎಂದು. ಬೈಕಿನ ಮೇಲೆ ಎರಡು ಸ್ಪೀಕರು ಕಂಡ ಜನ ಉಳಿದದ್ದನ್ನು ತಾವೇ ಪೂರೈಸಿದರು: ಹಾಡು ಜೋರಾಗಿ ಹಾಕ್ಕೊಂಡಿದ್ದ, ಹಾರ್ನ್ ಎಲ್ಲಿ ಕೇಳ್ತದೆ? ಆ ಮಾತು ಅರಸೀಕೆರೆಗೂ ಬಂತು. 'ಭಾವಂಗೆ ನೀನೇ ಅಲ್ವಾ ಕಟ್ಟಿಕೊಟ್ಟಿದ್ದು?' ಎಂದು ಇಬ್ಬರು ಅಂಗಡಿಗೇ ಬಂದು ಕೇಳಿದರು.

ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಮಾರನೆಯ ದಿನ ನಾನು ಗೆಂಡೆಹಳ್ಳಿಯಲ್ಲಿ ಬಸ್ಸಿಳಿದವನು ಮೊದಲು ಹೋದದ್ದು ಭಾವನ ಮಂಚದ ಬಳಿಗಲ್ಲ, ಮಿಲ್ಲಿನ ಅಂಗಳದಲ್ಲಿ ತಂದು ನಿಲ್ಲಿಸಿದ್ದ ಬೈಕಿನ ಬಳಿಗೆ. ನನ್ನ ಕೆಲಸದ ಮೇಲೆ ಬಂದ ಅಪವಾದವನ್ನು ಮೊದಲು ತೊಳೆಯಬೇಕಿತ್ತು. ಸ್ಪೀಕರಿನ ಜಾಲರಿಯ ಮೇಲೆ ಹಿಟ್ಟು ಕೂತು, ಮಳೆಗೆ ನೆನೆದು, ಒಣಗಿ, ರೊಟ್ಟಿಯಂತೆ ಹೆಪ್ಪುಗಟ್ಟಿತ್ತು. ಸೀಟು ಎತ್ತಿದೆ. ಫ್ಯೂಸ್ ಇರಲಿಲ್ಲ, ಅದನ್ನು ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕಳೆದುಹೋಗದ ಹಾಗೆ ಆಂಪ್ಲಿಫೈಯರಿಗೇ ದಾರದಿಂದ ಕಟ್ಟಿದ್ದರು. ಮೂರು ಕೆಂಪು ಬೊಟ್ಟುಗಳೂ ಕೂದಲೆಳೆಯ ಬಿರುಕಿಲ್ಲದೆ ಹಾಗೆಯೇ ಇದ್ದವು. ಒಂದು ಕ್ಷಣ ನನಗೆ ಗೆದ್ದ ಹರ್ಷವಾಯಿತು. 'ಅಕ್ಕಾ, ಬಾ ಇಲ್ಲಿ, ನೋಡು' ಎಂದು ಕೂಗಿದೆ. 'ಇದು ಹಾಡೇ ಇಲ್ಲ. ಫ್ಯೂಸೇ ಇಲ್ಲ ಇದ್ರಲ್ಲಿ!'

ಅಕ್ಕ ಸೆರಗಿನಲ್ಲಿ ಕೈ ಒರೆಸುತ್ತ ಬಂದು, ಇದರಲ್ಲೇನು ವಿಶೇಷ ಎನ್ನುವಂತೆ ನೋಡಿದಳು. 'ಅದು ಹಾಡಿ ಎಷ್ಟೋ ವರ್ಷ ಆಯ್ತು ಕಣೋ. ಯಾಕ್ ನಿಲ್ಲಿಸಿದ್ರಿ ಅಂದ್ರೆ, ಶಿವನ ಕೆಲ್ಸ ಚೆನ್ನಾಗೈತೆ, ನಂಗೇ ಹರಿಕಥೆ ಬ್ಯಾಸ್ರ ಆಗೈತೆ ಅಂದ್ರು.'

ಹಾಡು ಇರಲಿಲ್ಲ ಎಂದು ಸಾಬೀತಾಯಿತು. ಹಾಗಾದರೆ ಮೂರು ಹಾರ್ನ್ ಏಕೆ ಕೇಳಲಿಲ್ಲ? ನನ್ನ ನಿರ್ದೋಷಿತ್ವದ ಹಿಂದೆಯೇ ಈ ಪ್ರಶ್ನೆ ಬಂದು ನಿಂತಿತು. ಒಳಗೆ ಹೋದೆ. ಭಾವ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಬಾಗಿಲಲ್ಲಿ ನಿಂತು 'ಭಾವ' ಎಂದೆ. ಇನ್ನೊಮ್ಮೆ, ತುಸು ಗಟ್ಟಿಯಾಗಿ. ಮೂರನೆಯ ಸಲ, ಮೈಕ್ ಟೆಸ್ಟ್ ಮಾಡುವ ದನಿಯಲ್ಲಿ. ಅವರು ಕಿಟಕಿಯ ಹೊರಗೆ ಕೋಳಿ ಕೆದಕುವುದನ್ನು ನೋಡುತ್ತಲೇ ಇದ್ದರು. ಹಿಂದಿನಿಂದ ಅಕ್ಕ ಎಂದಳು: 'ಮುಂದೆ ಹೋಗಿ ಮಾತಾಡು. ಅವ್ರು ಮುಖ ನೋಡ್ಕಂಡೇ ಮಾತಾಡೋದು, ಮೊದ್ಲಿಂದ್ಲೂ.' ಮೊದಲಿನಿಂದಲೂ ಅಲ್ಲ ಎಂಬುದು ನನಗೆ ಗೊತ್ತಿತ್ತು. ಮನೆ ತನಗೇ ತಿಳಿಯದಂತೆ ಭಾವನ ಕಿವಿಗೆ ಒಗ್ಗಿಕೊಂಡಿತ್ತು. ಆ ಕಿವಿಯ ಮೊದಲ ದೂರು ನನ್ನ ಅಂಗಡಿಗೆ ಮೂರು ಸಲ ಬಂದು ಹಿಂತಿರುಗಿತ್ತು.

ಕಾಲಿನ ಕಟ್ಟು ಬಿಚ್ಚಿದ ಮೇಲೆ ಭಾವನನ್ನು ಹಾಸನದ ಆಸ್ಪತ್ರೆಗೆ ಕಿವಿ ತೋರಿಸಲು ಕರೆದೊಯ್ದೆವು. ಒಂದು ಪುಟ್ಟ ಗಾಜಿನ ಕೋಣೆಯೊಳಗೆ ಭಾವನನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಒಬ್ಬಳು ಹುಡುಗಿ ಹೊರಗಿನಿಂದ ಗುಂಡಿ ತಿರುಗಿಸುತ್ತಿದ್ದಳು. ಕೇಳಿಸಿದಾಗ ಕೈಯೆತ್ತಬೇಕು. ದಪ್ಪ ದನಿಗಳಿಗೆ ಭಾವನ ಕೈ ಮೇಲೆದ್ದಿತು. ಆಮೇಲೆ ಆ ಹುಡುಗಿ ಗುಂಡಿ ತಿರುಗಿಸುತ್ತಲೇ ಹೋದಳು, ಕೈ ತೊಡೆಯ ಮೇಲೆಯೇ ಉಳಿಯಿತು. ಕಾಗದದ ಮೇಲೆ ಗೆರೆಯೊಂದು ಸಮತಟ್ಟಾಗಿ ಬಂದು, ಬಾವಿಯ ಅಂಚಿನಲ್ಲಿ ಕಾಲು ಜಾರಿದಂತೆ ಕೆಳಗೆ ಬಿದ್ದಿತ್ತು. 'ತೆಳು ಶಬ್ದಗಳು ಹೋಗಿವೆ' ಎಂದಳು ಅವಳು. 'ಮಿಲ್ಲಿನ ಸದ್ದಿಗೆ ಹೀಗಾಗುತ್ತೆ. ಯಾರೋ ಮಾತಾಡ್ತಿದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ಆಮೇಲಾಮೇಲೆ ಅದೂ ಕಮ್ಮಿಯಾಗುತ್ತೆ. ಶುರುವಲ್ಲೇ ಬಂದು ಕಿವಿ ಮುಚ್ಕೊಂಡು ಕೆಲಸ ಮಾಡಿದ್ದಿದ್ರೆ ಇಷ್ಟು ಹೋಗ್ತಿರ್ಲಿಲ್ಲ. ಇವರು ಯಾರಿಗೂ ಹೇಳಿರ್ಲಿಲ್ವಾ?'

'ಹೇಳಿದ್ರು' ಎಂದೆ.

'ಯಾರಿಗೆ?'

ನಾನು ಆ ಗೆರೆಯನ್ನು ಬಹಳ ಆಸಕ್ತಿಯಿಂದ ನೋಡುವವನಂತೆ ಬಗ್ಗಿದೆ.

ಎರಡು ಕಿವಿಗೂ ಯಂತ್ರ ಬಂತು. ಹುಣಸೆಬೀಜದಷ್ಟು ದೊಡ್ಡ ಆಂಪ್ಲಿಫೈಯರು! ಹುಡುಗಿ ಅದನ್ನು ಕಂಪ್ಯೂಟರಿಗೆ ಜೋಡಿಸಿ ಹದ ಮಾಡತೊಡಗಿದಾಗ ನಾನು ಕುರ್ಚಿ ಮುಂದಕ್ಕೆಳೆದುಕೊಂಡು ನೋಡಿದೆ. ಒಟ್ಟು ಬಲ, ದಪ್ಪ ದನಿ, ತೆಳು ದನಿ, ನನ್ನವೇ ಮೂರು ಸ್ಕ್ರೂಗಳು. 'ಈಗ ಹೇಗೆ ಕೇಳ್ತಿದೆ ಸರ್?' ಎನ್ನುವಳು, ಒಂದು ಚೂರು ಏರಿಸುವಳು. 'ಈಗ?' ಎನ್ನುವಳು. ಭಾವ ಹಿಂಜರಿಯುತ್ತ ಏನೋ ಹೇಳುವರು, ಅವಳು ಮತ್ತೆ ಬದಲಿಸುವಳು. ಇಪ್ಪತ್ತು ಸಲವಾದರೂ ಕೇಳಿರಬೇಕು. ಅಷ್ಟು ಹೊತ್ತಿನಲ್ಲಿ ಒಂದೇ ಒಂದು ಸಲವೂ ಅವಳು ಆ ಯಂತ್ರವನ್ನು ತನ್ನ ಕಿವಿಗೆ ಇಟ್ಟುಕೊಂಡು ನೋಡಲಿಲ್ಲ. ಅದು ಯಾರ ಕಿವಿಗೆ ಹೋಗಬೇಕೋ ಅವರನ್ನೇ ಕೇಳುತ್ತಿದ್ದಳು. ನಾನು ಬಿಟ್ಟ ಶಾಲೆಯಲ್ಲಿ ಅಂದು ಮಧ್ಯಾಹ್ನ ಈ ಪಾಠವೇನಾದರೂ ಇತ್ತೋ ಏನೋ.

ಬರುವಾಗ ಭಾವ 'ಒಸಿ ಕಾಲಾಡ್ಸನ' ಎಂದು ಬಾಡಿಗೆ ಕಾರನ್ನು ಹಳೇಬೀಡಿನ ಮೇಲೆ ಬಿಡಿಸಿದರು. ಕೋಲೂರಿಕೊಂಡು ಗುಡಿಯ ಗೋಡೆಗುಂಟ ನಡೆದರು. ಚಿಕ್ಕಂದಿನಿಂದ ಕಂಡ ಕಲ್ಲುಗಳಾದ್ದರಿಂದ ನಾನು ಅವುಗಳತ್ತ ಲಕ್ಷ್ಯ ಕೊಡದೆ ಹಿಂದೆ ಹಿಂದೆ ಹೋಗುತ್ತಿದ್ದೆ. ಮದ್ದಳೆ ಬಾರಿಸುವ, ತಾಳ ಹಾಕುವ ಪುಟ್ಟ ವಿಗ್ರಹಗಳ ಸಾಲಿನ ಮುಂದೆ ಭಾವ ನಿಂತರು. 'ನೋಡ್ಲಾ ಶಿವಾ' ಎಂದರು. 'ಕೈ ಆಡ್ತೈತೆ, ಬಾಯಿ ತೆಗೆದೈತೆ, ಸದ್ದಿಲ್ಲ. ನೀವೆಲ್ಲಾ ನಂಗೆ ಹಿಂಗೇ ಇದ್ರಿ.'

ಇದಕ್ಕಿಂತ ಒಳ್ಳೆಯ ಹೊತ್ತು ಸಿಗದೆಂದು ನಾನು ಮುಂದೆ ಹೋಗಿ, ಮುಖ ಕಾಣುವಂತೆ ನಿಂತು ಕೇಳಿದೆ: 'ಭಾವ, ಅವತ್ತು ಅಂಗಡೀಲಿ ಎಲ್ರ ಮುಂದೆ ನಿಮಗೊಂದು ಮಾತಂದಿದ್ದೆ. ಅದಕ್ಕೇ ತಾನೆ ಆಮೇಲೆ ನೀವು ಬರದೇ ಹೋಗಿದ್ದು?'

'ಏನೋ ಅಂದೆ' ಎಂದರು ಭಾವ. 'ಎಲ್ರೂ ನಕ್ರು, ನಾನೂ ನಕ್ಕೆ. ಏನಂದಿದ್ದೆ? ಹೇಳ್ಲಾ, ಈಗ ಸರಿಯಾಗಿ ನಗ್ತೀನಿ.'

ಇಷ್ಟು ವರ್ಷ ನಾನು ಯಾವುದನ್ನು ಅವರ ಕೋಪವೆಂದು ತಿಳಿದು ಪ್ರತಿಕೋಪ ತಾಳಿದ್ದೆನೋ ಅದು ಇರಲೇ ಇಲ್ಲ. ಅವರು ಆ ಮಾತನ್ನು ಕೇಳಿಸಿಕೊಂಡೇ ಇರಲಿಲ್ಲ. ಹಾಗಾಗಿ ಕ್ಷಮಿಸಿಯೂ ಇರಲಿಲ್ಲ. ಹೊಸ ಯಂತ್ರ ಕಿವಿಯಲ್ಲಿಟ್ಟುಕೊಂಡು, ಮುಖ ಅರಳಿಸಿ, ಒಂದು ತಮಾಷೆಗಾಗಿ ಕಾದು ನಿಂತಿದ್ದರು. ನನ್ನ ಬಾಯಿ ಕಲ್ಲಿನವರ ಬಾಯಿಯಂತೆ ತೆರೆದೇ ಉಳಿಯಿತು. 'ಮರ್ತೋಯ್ತು ಭಾವ' ಎಂದೆ.

ಮರೆತಿಲ್ಲ. ಮೇಲೆ ಬರೆದಿದ್ದೇನೆ, ಒಂದಕ್ಷರ ಬಿಡದೆ. ಭಾವ ಕನ್ನಡಕ ಹಾಕಿಕೊಂಡು ಬೆಳಗಿನ ಪತ್ರಿಕೆಯನ್ನು ಜಾಹೀರಾತುಗಳ ಸಹಿತ ಓದುವವರು. ಬಾಯಲ್ಲಿ ಹೇಳಲಾಗದ್ದನ್ನು ಅವರು ಓದಿಯಾದರೂ ತಿಳಿಯಲಿ, ಬೈಯುವುದಾದರೆ ಬೈಯಲಿ, ಎಂಬುದೇ ಈ ಬರಹದ ಉದ್ದೇಶ. ನೇಲ್ ಪಾಲಿಶಿನ ಸುದ್ದಿ ನಿಮ್ಮನ್ನು ಇಲ್ಲಿಯವರೆಗೆ ಕರೆತರಲು ಹೂಡಿದ ಉಪಾಯ.

ಹೋದ ತಿಂಗಳು ಭಾವ ಬೈಕನ್ನು ರಿಪೇರಿ ಮಾಡಿಸಿ, ಅಕ್ಕನ ಕಣ್ಣು ತಪ್ಪಿಸಿ, ಅರಸೀಕೆರೆಗೆ ತಂದರು. ಎರಡು ಬದಿಗೂ ಅಂಗೈ ಅಗಲದ ಕನ್ನಡಿ ಹಾಕಿಸಿದ್ದರು. ನಾನು ಜಾಲರಿಯ ಹಿಟ್ಟು ಕೆರೆದೆ, ಫ್ಯೂಸ್ ಕೂರಿಸಿದೆ, ಹರಿಕಥೆ ಹಾಕಿದೆ. ಆಮೇಲೆ ಬ್ಲೇಡು ತೆಗೆದುಕೊಂಡು ಮೂರು ಬೊಟ್ಟುಗಳನ್ನೂ ಒಂದೊಂದಾಗಿ ಕೆರೆದು ತೆಗೆದು, ಸಣ್ಣ ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟೆ.

'ನಾನಾ?' ಎಂದರು.

'ನಿಮಗೆ ಹೆಂಗ್ ಬೇಕೋ ಹಂಗೆ, ಭಾವ.'

ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂರಲಾಗದೆ, ಸ್ಟೂಲಿನ ಮೇಲೆ ಕೂತು, ಬಹಳ ಹೊತ್ತು ತಿರುಗಿಸಿದರು. ಒಟ್ಟು ದನಿಯನ್ನು ತಗ್ಗಿಸಿದರು. ನನಗೆ ಅದೇ ಆಶ್ಚರ್ಯ. ದಪ್ಪ ದನಿಯನ್ನು ಪೂರಾ ಕೊಂದರು. ತೆಳು ದನಿಯನ್ನು ಏರಿಸುತ್ತ ಏರಿಸುತ್ತ ಎಲ್ಲಿಗೆ ಒಯ್ದರೆಂದರೆ, ಹಾರ್ಮೋನಿಯಂ ಪೀಪಿಯಾಯಿತು, ತಾಳ ತಗಡಾಯಿತು, ದಾಸರ ದನಿ ಕಲ್ಲಿಗೆ ಅಲ್ಯೂಮಿನಿಯಂ ತಟ್ಟೆ ಉಜ್ಜಿದಂತಾಯಿತು. ಎದುರಿನ ಪಂಕ್ಚರ್ ಅಂಗಡಿಯವನು ಹೊರಗೆ ಬಂದು, 'ಏನಣ್ಣಾ, ಕಿತ್ತೋಗೈತಾ?' ಎಂದು ಕೂಗಿದ. ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಕೈ ಅಭ್ಯಾಸಬಲದಿಂದ ಮೂರನೆಯ ಡ್ರಾಯರನ್ನು ಎಳೆಯಿತು; ಸೀಸೆ ಅಲ್ಲಾಡಿಸಿದರೆ ಒಳಗೆ ಸದ್ದಿಲ್ಲ. ಈಚೆಗೆ ಗಿರಾಕಿಗಳು ವಾರ ಓಡಿಸಿ ಬಂದು ಅವರಾಗಿಯೇ ಸರಿ ಎಂದರೆ ಮಾತ್ರ ಬೊಟ್ಟಿಡುತ್ತೇನಾದ್ದರಿಂದ, ಬಣ್ಣ ಸೀಸೆಯಲ್ಲೇ ಗಟ್ಟಿಯಾಗುತ್ತಿದೆ. ಡ್ರಾಯರು ಮುಚ್ಚಿದೆ.

'ಈಗ ಬಂತು ನೋಡು ಮಾತು' ಎಂದರು ಭಾವ, ಕಣ್ಣು ಮುಚ್ಚಿಕೊಂಡು.

ದಾಸರು ಯಾವುದೋ ಚಟಾಕಿಯ ಹತ್ತಿರ ಬರುತ್ತಿದ್ದರು. ದನಿ ತಗ್ಗಿಸಿ, ತುಸು ನಿಲ್ಲಿಸಿ, ಮಾತನ್ನು ಬಿಟ್ಟರು. ದೇವಸ್ಥಾನದ ಅಂಗಳದ ಜನ ಘೊಳ್ಳೆಂದು ನಕ್ಕರು, ಸ್ಟೂಲಿನ ಮೇಲೆ ಕೂತ ಭಾವ ಅವರ ಜೊತೆಗೇ ನಕ್ಕರು, ಎಳ್ಳಷ್ಟೂ ಹಿಂದೆ ಮುಂದಿಲ್ಲದೆ. ಆ ಕರ್ಕಶ ಸದ್ದಿನಲ್ಲಿ ನನಗೆ ಮಾತೇ ತಿಳಿದಿರಲಿಲ್ಲ. ಭಾವನ ಮುಖ ನೋಡಿ, ಅರೆಕ್ಷಣ ತಡವಾಗಿ, ನಾನೂ ನಕ್ಕೆ.